ಸಿಂಪಿಗನಲ್ಲದ ಹಕ್ಕಿ

ಆಗ ನಾವು ಪುಣೆಯ ಒಂದು ಹಳೆಯ ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಅಂಗಳದಲ್ಲಿ ಒಂದು ದಾಸವಾಳದ ಗಿಡ. ಚಳಿ ಕಳೆಯುವ ಹೊತ್ತಿಗೆ ಅದಕ್ಕೊಂದು ಹಕ್ಕಿ ಬರತೊಡಗಿತು. ಹೆಬ್ಬೆರಳಿನಷ್ಟು ಮೈ, ದೂರದಿಂದ ಕರಿ, ಬಿಸಿಲು ಬಿದ್ದರೆ ನವಿಲುಗರಿಯ ನೀಲಿ. ಬಾಗಿದ ಕೊಕ್ಕನ್ನು ಹೂವಿನ ಬುಡಕ್ಕೆ ಚುಚ್ಚಿ ಜೇನು ಹೀರುತ್ತಿತ್ತು. ಜೊತೆಗೆ ಹಳದಿ ಹೊಟ್ಟೆಯ ಒಂದು ಮಂಕು ಹೆಣ್ಣು.

ನಮ್ಮ ಯಜಮಾನರು ಸರಕಾರಿ ಕಾರಕೂನರು. ಹೆಸರು ಗೊತ್ತಿಲ್ಲದ ವಸ್ತು ಮನೆ ಮುಂದೆ ಹಾರಾಡುವುದನ್ನು ಸಹಿಸುವವರಲ್ಲ. ವಾಡೆಯ ಒಡತಿ, ಮರಾಠಿ ಮುದುಕಿ, ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡೇ “ಶಿಂಜೀರ” ಎಂದರು. ಧಾರವಾಡದ ಇವರ ಕಿವಿಗೆ ಬಿದ್ದದ್ದು ‘ಶಿಂಪಿ’. ಬಟ್ಟೆ ಹೊಲಿಯುವವನಿಗೆ ಮರಾಠಿಯಲ್ಲಿ ಶಿಂಪಿ, ನಮ್ಮಲ್ಲಿ ಸಿಂಪಿಗ. ಇನ್ನೇನು ಬೇಕು? ಮರುದಿನವೇ ಕಚೇರಿಯಿಂದ ಒಂದು ಇಂಗ್ಲಿಷ್ ಪುಸ್ತಕ ಬಂತು. ಎಲೆ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿಯ ವರ್ಣನೆ ಅದರಲ್ಲಿತ್ತು. ಚಿತ್ರ ಇರಲಿಲ್ಲ, ಅದೊಂದು ಅನುಕೂಲ.

“ಕೊಕ್ಕು ನೋಡು, ಖರೇನ ಸೂಜಿ!”

“ಬಾಗಿದ ಸೂಜೀಲೆ ಯಾವ ಸಿಂಪಿಗ ಹೊಲೀತಾನ್ರಿ?”

“ನಿನಗ ತಿಳಿಯಂಗಿಲ್ಲ.”

ಇಲ್ಲ ಬಿಡಿ. ನಾನು ಬರೀ ಪಾತ್ರೆ ತಿಕ್ಕುತ್ತ ದಿನಾ ನೋಡುತ್ತಿದ್ದವಳು. ಹೆಣ್ಣು ಜೇಡರಬಲೆ, ತೊಗಟೆಯ ಚೂರು, ಹತ್ತಿ ತಂದು ಟೊಂಗೆಗೆ ಜೋಲುವ ಚೀಲವೊಂದನ್ನು ಕಟ್ಟಿತು. ಪಕ್ಕಕ್ಕೆ ಬಾಗಿಲು, ಬಾಗಿಲ ಮೇಲೆ ಪುಟ್ಟ ಮಾಡು. ಗಂಡು ಎತ್ತರದಲ್ಲಿ ಕೂತು, ಮೈ ಹೊಳೆಸುತ್ತ, ಮೇಲ್ವಿಚಾರಣೆ ಮಾಡಿತು. ಆ ಪದ್ಧತಿ ನನಗೆ ಹೊಸದೇನಲ್ಲ. ಆಮೇಲೆ ಒಳಗೆ ಕೂತ ಹೆಣ್ಣು ಏಳಲೊಲ್ಲದು. ತತ್ತಿ ಇಟ್ಟಿತ್ತು.

ಪಾಡವಾ, ಅಂದರೆ ನಮ್ಮ ಯುಗಾದಿ ಹಬ್ಬದ ಮುನ್ನಾದಿನ ಒಡತಿ ಎಲ್ಲ ಬಿಡಾರದವರಿಗೂ ಅಂಗಳ ಸ್ವಚ್ಛ ಮಾಡಲು ಹೇಳಿದರು. ಇವರು ಕಸಬರಿಗೆ ಎತ್ತಿಕೊಂಡು ನೇರ ಗಿಡಕ್ಕೇ ಹೋದರು.

“ನಿಂದರ್ರಿ! ಅದು ಗೂಡು. ಒಳಗ ತತ್ತಿ ಅದಾವ.”

“ಕಸ ಇದು. ಗೂಡು ಎಲಿ ಹೊಲದು ಮಾಡಿರತದ ಅಂತ ಪುಸ್ತಕದಾಗ ಅದ.”

“ಹಂಗಾರ ಮೊದಲ ಹಕ್ಕೀಗೆ ಇಂಗ್ಲಿಷ್ ಕಲಸ್ರಿ.”

ಕಸಬರಿಗೆ ಇಳಿಯಲಿಲ್ಲ. ಒಡತಿಯನ್ನು ಕೂಗಿ, ಇವರು ಶಿಂಪಿಯ ಗೂಡು ಕೆಡವುತ್ತಿದ್ದಾರೆ ಎಂದು ಮರಾಠಿಯಲ್ಲೇ ದೂರಿದೆ.

“ಶಿಂಪೀ? ಕುಠಲಾ ಶಿಂಪೀ?” ಯಾವ ಸಿಂಪಿಗ ಎನ್ನುತ್ತ ಬಂದ ಮುದುಕಿ, ಗಿಡ ನೋಡಿ, ಎಲೆಅಡಿಕೆ ಉಗುಳುವಷ್ಟು ನಕ್ಕರು. “ಅಹೋ, ಶಿಂಜೀರ! ಶಿಂಜೀರ!” ಶಿಂಜೀರವೆಂದರೆ ಹೂವಿನ ಜೇನು ಹೀರುವ ಸೂರಕ್ಕಿ, ಸಿಂಪಿಗನಲ್ಲ; ಅದರ ಗೂಡು ಇರುವುದೇ ಹೀಗೆ, ಕೈ ಹಚ್ಚಬೇಡಿ ಎಂದರು. ಆ ಗದ್ದಲಕ್ಕೆ ಚೀಲದ ಬಾಗಿಲಿನಿಂದ ಬಾಗಿದ ಕೊಕ್ಕೊಂದು ಹೊರಬಂತು.

ಇವರು ಅದನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು. ಎತ್ತಿದ ಕಸಬರಿಗೆಯನ್ನು ಸುಮ್ಮನೆ ಇಳಿಸುವುದು ಮರ್ಯಾದೆಗೆ ಕಡಿಮೆ. ಹಾಗಾಗಿ ನೆಲ ಗುಡಿಸಿದರು, ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಮೊದಲ ಸಲ. ಅವರು ಸ್ನಾನಕ್ಕೆ ಹೋದ ಮೇಲೆ ನಾನು, ಗಿಡದ ಸುತ್ತ ಒಂದು ಮಾರು ಜಾಗ ಬಿಟ್ಟು, ಇನ್ನೊಮ್ಮೆ ಗುಡಿಸಿದೆ.