ದ್ರಾಕ್ಷಿಗೆ ರಜೆಯಿಲ್ಲದ ಊರು

ನಮ್ಮಕ್ಕನ ಮನೆಯ ಅಟ್ಟದ ಮೇಲೆ ನೀಲಿ ಬಣ್ಣದ ಒಂದು ಸೂಟ್‌ಕೇಸಿದೆ. ಗಾಲಿಯಿದ್ದೂ ಉರುಳದ, ಬೀಗವಿದ್ದೂ ಕಾಯಲೇನೂ ಇಲ್ಲದ ಅದನ್ನು ತೇನಿಯ ಅಂಗಡಿಯಲ್ಲಿ ಕೊಂಡದ್ದು ಯಾವುದೋ ಪ್ರವಾಸಕ್ಕೆಂದು; ಯಾವ ಪ್ರವಾಸ ಎಂಬುದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹೊರಡುವ ದಿನ ಉಡಲೆಂದು ಎತ್ತಿಟ್ಟ ಚಿನ್ನಾಳಪಟ್ಟಿ ಸೀರೆಯೊಂದು ಅದರೊಳಗೆ ಮಡಿಕೆಯ ಗೆರೆಗುಂಟ ಬಣ್ಣ ಕಳೆದುಕೊಂಡು ಮಲಗಿದೆ. ನೀವೂ ಅಂಥದ್ದೊಂದನ್ನು ಕೊಂಡು ಅಟ್ಟಕ್ಕೇರಿಸಿದವರಾದರೆ ನನ್ನ ಮಾತು ನಿಮಗೆ ಬೇಗ ತಿಳಿದೀತು.

ನಾವು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದ ಒಕ್ಕಲು ಮಂದಿ. ಎಷ್ಟೋ ತಲೆಮಾರಿನ ಹಿಂದೆ ಬಡಗಲಿಂದ ದನ ಹೊಡೆದುಕೊಂಡು ಬಂದವರಂತೆ. ಬಂದವರು ಹೇಗೆ ಬೇರುಬಿಟ್ಟರೆಂದರೆ ಮತ್ತೆ ಎಲ್ಲಿಗೂ ಹೊರಡಲಿಲ್ಲ. ನಾನೊಬ್ಬ ನೌಕರಿಯ ನೆಪದಲ್ಲಿ ಹುಬ್ಬಳ್ಳಿ ಸೇರಿ, ಮನೆಮಾತಿಗೆ ಲಿಪಿಯೂ ಉಂಟೆಂದು ಅಲ್ಲಿ ಕಲಿತು, ನಿವೃತ್ತನಾಗಿ ನಮ್ಮೂರು ಚಿನ್ನಮನೂರಿಗೆ ಮರಳಿದೆ. ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ಅಕ್ಕನಿಗೆ ಹೇಳಿದಾಗಲೆಲ್ಲ ಅವಳು ನಕ್ಕು, ಎರಡನ್ನೂ ನಿನಗೇ ಬಿಟ್ಟಿದ್ದೀನಿ ಎನ್ನುತ್ತಿದ್ದಳು.

ಬೇರೆ ಸೀಮೆಯ ಬೆಳೆಗಾರನಿಗೆ ಸುಗ್ಗಿ ಮುಗಿದ ಮೇಲೆ ಒಂದು ಬಿಡುವು ಉಂಟು. ನಮ್ಮ ಕಣಿವೆಯ ದ್ರಾಕ್ಷಿಗೆ ಅದಿಲ್ಲ. ಭಾವನ ತೋಟ ಮೂರು ತುಂಡು. ಒಂದರಲ್ಲಿ ಬಳ್ಳಿ ಸವರಿದ್ದರೆ ಇನ್ನೊಂದರಲ್ಲಿ ಹೂವು, ಮತ್ತೊಂದರಲ್ಲಿ ಗೊನೆ ಕಪ್ಪಾಗುತ್ತಿರುತ್ತದೆ. ವರ್ಷವೆಲ್ಲ ಹಣ್ಣು ಸಿಗಲೆಂದು ಹಿರಿಯರು ಕಂಡುಕೊಂಡ ಜಾಣತನವಿದು, ಮತ್ತು ಇದೇ ನಮ್ಮ ದೊಡ್ಡ ಪೆದ್ದತನ. ಈ ಕೊಯ್ಲು ಮುಗೀಲಿ ಹೊರಡೋಣ ಎಂದು ಭಾವ ಪ್ರತಿಸಲವೂ ಮನಃಪೂರ್ವಕವಾಗಿಯೇ ಹೇಳುತ್ತಿದ್ದರು. ಮದುವೆಯಾದ ಹೊರತು ಹುಚ್ಚು ಬಿಡದು, ಹುಚ್ಚು ಬಿಟ್ಟ ಹೊರತು ಮದುವೆಯಾಗದು ಎಂಬಂತೆ, ಕೊಯ್ಲು ಮುಗಿಯದ ಹೊರತು ಪ್ರಯಾಣವಿಲ್ಲ, ಕೊಯ್ಲೋ ಮುಗಿಯುವುದಿಲ್ಲ. ಆ ತಗ್ಗಿನ ಚಪ್ಪರದಡಿ ಕತ್ತೆತ್ತಿ ಕಾಯಿ ಬಿಡಿಸುತ್ತ ಅಕ್ಕ ಕಂಡ ಆಕಾಶವೆಂದರೆ ಎಲೆಗಳ ಸಂದಿನಲ್ಲಿ ಬಿದ್ದಷ್ಟೇ.

ಕಳೆದ ವರ್ಷ ಅವಳು ಕಣ್ಣು ಮಂಜು ಎಂದಾಗ ಪೊರೆಯಿರಬೇಕೆಂದು ದಿಂಡಿಗಲ್ಲಿಗೆ ಕರೆದೊಯ್ದೆವು. ಪೊರೆಯಲ್ಲ, ಕಣ್ಣಿನ ನರವೇ ಒಣಗುತ್ತಿದೆ ಎಂದರು ಡಾಕ್ಟರು. ಹೋದದ್ದು ಬಾರದು, ಉಳಿದದ್ದು ಎಷ್ಟು ದಿನವೋ ಹೇಳಲಾಗದು, ತೋರಿಸುವುದಿದ್ದರೆ ಈಗಲೇ ತೋರಿಸಿಬಿಡಿ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಬರುವಾಗ ಬಸ್ಸು ಬತ್ಲಗುಂಡು ದಾಟುವಷ್ಟರಲ್ಲಿ ಭಾವ ಮನಸ್ಸು ಮಾಡಿದ್ದರು. ಎಲ್ಲಿಗೆ ಹೋಗಬೇಕೋ ನೋಡು, ಐದು ದಿನ ಸಾಕಲ್ಲ ಎಂದು ನನ್ನನ್ನು ಕೇಳಿದರು.

ಹೀಗೆ ಯೋಜನೆ ನನ್ನ ತಲೆಗೆ ಬಂತು. ಗೆಳೆಯರೇ, ಚಿಕ್ಕ ದೇಶದಲ್ಲಿ ಹುಟ್ಟಿದವನು ಪುಣ್ಯವಂತ. ಐದು ದಿನದಲ್ಲಿ ಅವನ ದೇಶವೇ ಮುಗಿದುಹೋಗುತ್ತದೆ. ನಮ್ಮದರಲ್ಲಿ ಹಿಮವಿದೆ, ಮರಳಿದೆ, ಕಾಶಿಯಿದೆ, ಕಡಲಿದೆ, ಒಂದನ್ನು ಆರಿಸಿದರೆ ಉಳಿದ ನೂರನ್ನು ಬಿಟ್ಟಂತೆ. ಬದುಕಿನಲ್ಲಿ ಒಂದೇ ಒಂದನ್ನು ನೋಡುವುದಾದರೆ ಏನನ್ನು ನೋಡಬೇಕು? ಅಕ್ಕನ ಮಗಳು ಫೋನಿನಲ್ಲಿ ಕಾಶ್ಮೀರ ಎಂದಳು. ಪಕ್ಕದ ಮನೆಯವರು ಕಾಶಿ ಎಂದರು. ಇಷ್ಟೆಲ್ಲ ಯಾಕೆ, ಬೆಳಗ್ಗೆ ಹೋಗಿ ಸಂಜೆಗೆ ಬರಬಹುದಾದ ಕೊಡೈಕಾನಲ್ ಸಾಲದೇ ಎಂದವರೂ ಇದ್ದರು. ನನಗೆ ಮಾತ್ರ ಗೋಕರ್ಣದ ಕಡಲಿನ ಮೇಲೆ ಮನಸ್ಸು. ಈ ನಡುವೆ ದಿನ ಗೊತ್ತಾಗಿ ಎರಡು ಸಲ ಮುಂದಕ್ಕೆ ಹೋಯಿತು: ಮೊದಲು ಮೇಲಿನ ತುಂಡಿನ ಹೂವಿಗೆ ಔಷಧಿ ಹೊಡೆಯುವುದಿತ್ತು, ಆಮೇಲೆ ನಡುವಿನ ತುಂಡಿಗೆ ವ್ಯಾಪಾರಿ ಬರುವವನಿದ್ದ. ಅಕ್ಕ ಎಂದಿನಂತೆ ಚಪ್ಪರದಡಿ ನಿಂತು ಕಾಯಿ ಬಿಡಿಸುತ್ತಿದ್ದಳು. ಅವಳ ಕೈ ಒಮ್ಮೆಯಾದರೂ ತಪ್ಪಿದ್ದನ್ನು ನಾವು ಯಾರೂ ಕಾಣಲಿಲ್ಲ.

ಮೊನ್ನೆ ಸಂಜೆ, ಭಾವ ತೋಟದಲ್ಲಿದ್ದಾಗ, ಇವತ್ತು ತೀರ್ಮಾನ ಮಾಡಿಬಿಡೋಣ ಎಂದು ಜಗಲಿಯಲ್ಲಿ ಅವಳ ಪಕ್ಕ ಕೂತು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸತೊಡಗಿದೆ. ಹಿಮದ ಬೆಟ್ಟ, ಮರಳಿನ ಕೋಟೆ, ಗಂಗೆಯ ಮೆಟ್ಟಿಲು. ಒಂದೊಂದಕ್ಕೂ ಅವಳು ಹ್ಞೂಂ, ಚೆನ್ನಾಗೈತೆ ಎಂದಳು. ಕೊನೆಗೆ ಗೋಕರ್ಣದ ಕಡಲು ತೋರಿಸುತ್ತ ನಾನು ವರ್ಣನೆಗೆ ಬಿದ್ದೆ. ಅಲ್ಲಿ ಬಸ್ಸಿನವನಿಂದ ಹೂವಿನವಳವರೆಗೆ ಎಲ್ಲರೂ ನಮ್ಮ ಮಾತೇ ಆಡುತ್ತಾರೆ ಎಂದೆ. ಮಾತು ಉದ್ದವಾಯಿತು, ಮೊಬೈಲಿನ ಬೆಳಕು ತಾನಾಗಿ ಆರಿತು. ಆರಿದ ಆ ಕರಿಯ ಗಾಜನ್ನು ಅವಳು ಬೆರಳಿಂದ ಮುಟ್ಟಿ, ಇದೇ ಇರಲಿ, ನೀರು ಎಷ್ಟು ನೀಲಿ ಐತೆ ನೋಡು ಎಂದಳು.

ನಾನು ಸುಮ್ಮನಾದದ್ದೇ ಅವಳಿಗೆ ಎಲ್ಲವನ್ನೂ ತಿಳಿಸಿರಬೇಕು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಯಾವಾಗಿನಿಂದ ಎಂದು ಕೇಳಿದೆ. ಪೊಂಗಲ್ಲು ಕಳೆದ ಮೇಲೆ ಎಂದಳು. ಈಗ ಬಾಗಿಲು ಎಲ್ಲಿದೆ ಎಂಬಷ್ಟು ಬೆಳಕು ಮಾತ್ರ ಉಳಿದಿದೆಯಂತೆ, ಗೊನೆಗಳು ಕೈಗೆ ಸಿಗುತ್ತವೆ, ಅದಕ್ಕೆ ಕಣ್ಣು ಬೇಡವಂತೆ. ಭಾವನಿಗೆ ಯಾಕೆ ಹೇಳಲಿಲ್ಲ ಎಂದೆ.

"ಯೋಳಿದ್ರೆ ಅವ್ರು ತ್ವಾಟ ಬಿಟ್ಟು ಏಳ್ತಾರಾ ತಂಬಿ? ನಂಗೆ ತೋರ್ಸೋಕ್ಕಂತಾನೇ ಹೊರಟವ್ರೆ. ಹಿಂಗಾದ್ರೂ ಅವ್ರು ಒಂದ್ ಕಿತ ನೋಡ್ಲಿ."

ಆಮೇಲೆ, ನಮ್ಮ ಮಾತು ಕೇಳಿಸುತ್ತದೆ ಎಂದೆಯಲ್ಲ, ನಂಗೆ ಅಷ್ಟು ಸಾಕು ಎಂದಳು. ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಳು. ಹುಬ್ಬಳ್ಳಿಯಿಂದ ನಾಲ್ಕು ತಾಸಿನಲ್ಲಿ ಮುಟ್ಟಬಹುದಾದ ಕಡಲನ್ನು ನಾನು ಎಷ್ಟು ಸಲ ನೋಡಿ ಬೇಸತ್ತಿದ್ದೆನೋ. ಕಣ್ಣು ತುಂಬಿ ಬಂತು, ಅದನ್ನು ಅವಳಿಂದ ಮರೆಮಾಚುವ ಅಗತ್ಯವೂ ಇರಲಿಲ್ಲ. ನೋಡುವುದೆಂದರೆ ನೋಡಿದವನಿಗೆ ಸೇರಿದ್ದೆಂದೇ ನಾನು ಈವರೆಗೆ ತಿಳಿದಿದ್ದೆ. ತಾನು ನೋಡಲಾಗದ್ದನ್ನು ಇನ್ನೊಬ್ಬರಿಗೆ ತೋರಿಸಲೆಂದು ಹೊರಡುವ ಪ್ರಯಾಣಕ್ಕೆ ಯಾವ ಕೋಶದಲ್ಲೂ ನನಗೆ ಪದ ಸಿಗಲಿಲ್ಲ.

ಮರುದಿನ ಬೆಳಗ್ಗೆ ಭಾವ ನನ್ನ ಮನೆಗೇ ಬಂದರು. ಕೆಳಗಿನ ತುಂಡನ್ನು ಸವರುವ ವಾರವಿದು, ಮತ್ತೆ ದಿನ ಮುಂದೂಡಲು ಬಂದಿರಬೇಕೆಂದುಕೊಂಡೆ. ಮೈದುನನನ್ನು ತಮಿಳಿನ ಸಲುಗೆಯಲ್ಲಿ ಮಾಪ್ಳೆ ಎನ್ನುವುದು ಅವರ ರೂಢಿ.

"ಆ ತುಂಡ್ನ ಈ ಸಾರಿ ಸವರಾದಿಲ್ಲ ಮಾಪ್ಳೆ. ಒಂದ್ ಬೆಳೆ ಹೋದ್ರೆ ಹೋಗ್ಲಿ. ಅವ್ಳು ಕಣ್ತುಂಬ ನೋಡ್ಲಿ."

ಬಳ್ಳಿಯ ಸರದಿಯನ್ನು ಈ ಮನುಷ್ಯ ತನ್ನ ತಂದೆ ಸತ್ತ ವಾರವೂ ತಪ್ಪಿಸಿರಲಿಲ್ಲ. ಅವಳಿಗೆ ಕೊಟ್ಟ ಮಾತು ಒಂದು ಕಡೆ, ಇವರ ಮುಖದ ಮೇಲೆ ನಾನು ಹಿಂದೆಂದೂ ಕಾಣದಿದ್ದ ಬಿಡುವು ಇನ್ನೊಂದು ಕಡೆ. ಅವರೆದುರಿಗೇ ಮೊಬೈಲು ತೆರೆದು ಮೂವರಿಗೂ ಟಿಕೆಟ್ ಮಾಡಲು ಕೂತೆ. ಹೆಸರು, ವಯಸ್ಸು ಎಲ್ಲ ತುಂಬಿದೆ. ಭಾವ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತ, ಕಿಟಕಿಯ ಪಕ್ಕದ ಸೀಟು ಅವಳಿಗೇ ಇರಲಿ ಎಂದರು.

ಹಾಗೇ ಮಾಡಿದೆ.