ಲಿಫ್ಟಪ್ಪನ ಮೊದಲ ಪಾಠಗಳು

ಅವನನ್ನು ನಾನು ಮೊದಲು ಕಂಡ ದಿನ, ನಾಲ್ಕನೇ ಮಹಡಿ ಎಂದವಳನ್ನು ಎರಡನೆಯದರಲ್ಲಿ ಇಳಿಸಿದ. ನನ್ನ ಕೈಯಲ್ಲಿ ಹೊಲಿಗೆ ಯಂತ್ರದ ತಲೆ, ಕಂಕುಳಲ್ಲಿ ಬಟ್ಟೆಯ ಗಂಟು. ಹೊರಗೆ ಬಂದು ನೋಡಿದರೆ ಎದುರಿಗೆ ಹಲ್ಲಿನ ಡಾಕ್ಟರ ಬೋರ್ಡು.

"ನಾಲ್ಕು ಅಂದೆನಲ್ಲಪ್ಪ."

"ತಪ್ಪಾಯ್ತು ಅಮ್ಮ, ಪಾಠ ಕೇಳ್ತಿದ್ದೆ" ಎಂದು ಕಿವಿಯಿಂದ ವೈರು ಕಿತ್ತುಕೊಂಡ.

ನಲವತ್ತು ದಾಟಿದ ಗಂಡಸು ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೇಳುತ್ತಿದ್ದದ್ದು ಪ್ರೋಗ್ರಾಮಿಂಗ್ ಪಾಠ. ಹದಿನೇಳು ವರ್ಷ ಆ ಲಿಫ್ಟು ನಡೆಸಿದ್ದ. ಅದನ್ನು ಕಿತ್ತು, ಜನ ತಾವೇ ಬಟನ್ ಒತ್ತಿಕೊಳ್ಳುವ ಹೊಸದನ್ನು ಎಂಟು ತಿಂಗಳಲ್ಲಿ ಕೂರಿಸುತ್ತೇವೆ ಎಂದು ಕಟ್ಟಡದವರು ಹೇಳಿಯಾಗಿತ್ತು. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಮನೆಯಲ್ಲಿ ಕೂರಬೇಕು. ಕಟ್ಟಡದಲ್ಲಿ ಎಲ್ಲರೂ ಅವನನ್ನು ಲಿಫ್ಟಪ್ಪ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ನಾಲ್ಕನೇ ಮಹಡಿಯ ಕೋಣೆಯಲ್ಲಿ ನನ್ನದು ಬಟ್ಟೆ ರಿಪೇರಿ. ಜಿಪ್ ಬದಲಿಸುವುದು, ಅಂಚು ಮಡಿಸುವುದು, ಬಿಗಿಯಾದದ್ದನ್ನು ಬಿಡಿಸುವುದು. ಇಸ್ತ್ರಿ ಮೇಜಿನ ಪಕ್ಕ ಒಂದು ಪ್ಲಗ್ಗಿತ್ತು. ಲಿಫ್ಟಪ್ಪ ಎರಡು ಗಂಟೆಗೆ ಡ್ಯೂಟಿ ಮುಗಿಸಿ ಹಳೆಯ ಲ್ಯಾಪ್‌ಟಾಪ್ ತಂದು, ಅಲ್ಲಿ ಚುಚ್ಚಿ, ನಾಲ್ಕರವರೆಗೆ ಕೂರತೊಡಗಿದ. ಮನೆಯಲ್ಲಿ ಗಲಾಟೆಯಂತೆ. ಕೂರಲಿ ಎಂದೆ. ಹಾಗೆಂದದ್ದಕ್ಕೆ ಆಮೇಲೆ ಎಷ್ಟು ಸಲ ನನ್ನನ್ನೇ ಬೈದುಕೊಂಡೆನೋ.

ಶುರು ಮಾಡುವುದರಲ್ಲಿ ಅವನು ಗಟ್ಟಿಗ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ಹಲವಾರಂತೆ. ಮೊದಲ ತಿಂಗಳು ಒಂದು, ಮರುತಿಂಗಳು ಇನ್ನೊಂದು.

"ಹಿಂದಿಂದು ಏನಾಯ್ತೋ?"

"ಅದಕ್ಕೀಗ ಬೆಲೆ ಇಲ್ವಂತೆ ಅಮ್ಮ."

"ಯಾರಂದ್ರು?"

"ವೀಡಿಯೋದಲ್ಲಿ ಒಬ್ಬ ಅಂದ."

ಮೂರನೇ ತಿಂಗಳು ಇನ್ನೊಬ್ಬ ಇನ್ನೇನೋ ಅಂದ. ಪ್ರತಿ ಸಲವೂ ಮೊದಲ ಪಾಠವೇ. ಪ್ರತಿ ಸಲವೂ ಪರದೆಯ ಮೇಲೆ ಕಂಪ್ಯೂಟರು ನಮಸ್ಕಾರ ಹೇಳುವುದು, ಇವನು ನನ್ನ ಸೂಜಿ ಬಿಡಿಸಿ ಕರೆದು ತೋರಿಸುವುದು. ನಾಲ್ಕನೇ ಸಲ ತಲೆ ಚಿಟ್ಟು ಹಿಡಿದು, "ನಮಸ್ಕಾರ ಆಯ್ತಲ್ಲ, ಒಳಗೆ ಬಂದು ಕೂತ್ಕೊಳ್ಳೋಕೆ ಹೇಳು" ಎಂದೆ.

ಮನೆಯ ಕೀಲಿ ಕೊಡಲು ಬಂದಿದ್ದ ಅವನ ಹೆಂಡತಿ ಬಾಗಿಲಲ್ಲೇ ನಿಂತು, "ನಮ್ಮೋರು ಈಜು ಕಲೀತಿದಾರೆ ಅಮ್ಮ. ಟವೆಲ್ ಬದಲಾಗ್ತಾ ಇದೆ, ನೀರಿಗಿನ್ನೂ ಇಳಿದಿಲ್ಲ" ಎಂದಳು.

ಹೀಗೆ ನಾಲ್ಕು ತಿಂಗಳು ಹೋಯಿತು. ಒಂದು ಮಧ್ಯಾಹ್ನ, ಪಾಠದವನು ಮಾಡಿದ್ದನ್ನೆಲ್ಲ ತಾನೂ ಮಾಡಿ ಮುಗಿಸಿ ಬೀಗುತ್ತಿದ್ದ. ವೀಡಿಯೋ ಮುಚ್ಚಿ ನೀನೇ ಮಾಡು ಎಂದೆ. ಮುಚ್ಚಿದ. ಕಾಲು ಗಂಟೆ ಖಾಲಿ ಪರದೆ ನೋಡಿದ. ಒಂದು ಸಾಲೂ ಬರಲಿಲ್ಲ.

ನನಗೆ ಆಶ್ಚರ್ಯವಾಗಲಿಲ್ಲ. ನಾನು ಅಕ್ಷರ ಕಲಿತದ್ದು ಮದುವೆಯಾದ ಮೇಲೆ. ನಮ್ಮವರು ಬರೆದುಕೊಟ್ಟ ಸಾಲನ್ನು ಮುತ್ತು ಪೋಣಿಸಿದ ಹಾಗೆ ನಕಲು ಮಾಡುತ್ತಿದ್ದೆ. ಹಾಳೆ ಕಿತ್ತುಕೊಂಡು, ನಿನ್ನ ತಂಗಿಗೊಂದು ಕಾಗದ ಬರಿ ಎಂದಾಗ ಬೆವತುಹೋಗಿದ್ದೆ. ಬರೆಯಲು ಕಲಿತದ್ದು ಆ ಕಾಗದದಿಂದಲೇ.

"ಇನ್ಮೇಲೆ ಇಲ್ಲಿ ಪಾಠ ಹಚ್ಚೋ ಹಾಗಿಲ್ಲ. ಈಗಿರೋ ಭಾಷೆನೇ ಗಟ್ಟಿಯಾಗಿ ಹಿಡ್ಕೋ. ನನ್ನ ಬಟ್ಟೆಗಳದ್ದೊಂದು ಪಟ್ಟಿ ಮಾಡಿಕೊಡು. ಯಾರದ್ದು, ಏನು ಕೆಲಸ, ಯಾವತ್ತಿಗೆ ಬೇಕು."

"ಇಷ್ಟು ಸಣ್ಣದಾ ಅಮ್ಮ?"

"ಸಣ್ಣದೇ. ಮಾಡು ನೋಡೋಣ."

ಎರಡನೇ ದಿನವೇ ಪರದೆಯ ಮೇಲೆ ಕೆಂಪು ಸಾಲು ಬಂತು. ನೋಡಿ ನೋಡಿ ಸಾಕಾಗಿ ಅವನು ಮುಚ್ಚಳ ಮುಚ್ಚಿ ಏಳಹೊರಟ.

"ಏನು ಬರೆದಿದೆ, ಓದು."

"ಬೈತಾ ಇದೆ ಅಮ್ಮ."

"ಬೈಗುಳಾನೇ ಓದು."

"ಹನ್ನೆರಡನೇ ಸಾಲಲ್ಲಿ ಕಂಸ ಮುಚ್ಚಿಲ್ಲ ಅಂತಿದೆ."

"ಮತ್ತೆ ಮುಚ್ಚು."

ಮುಚ್ಚಿದ. ಕೆಂಪು ಹೋಯಿತು. ಇಷ್ಟಕ್ಕೆ ಅರ್ಧ ಗಂಟೆ ಕಪಾಲಕ್ಕೆ ಕೈ ಹಚ್ಚಿ ಕೂತಿದ್ದ, ಪುಣ್ಯಾತ್ಮ.

ಹದಿನೈದು ದಿನಕ್ಕೆ ಪಟ್ಟಿಯಾಯಿತು. ಆ ವಾರ ಪಕ್ಕದ ಆಸ್ಪತ್ರೆಯ ನರ್ಸಮ್ಮ ಮೂರು ಪ್ಯಾಂಟು ಕೊಟ್ಟಿದ್ದರು. ಅರ್ಜೆಂಟೆಂದು ಒಂದನ್ನು ಒಯ್ದರು. ಲಿಫ್ಟಪ್ಪ 'ಕೊಟ್ಟಾಯಿತು' ಒತ್ತಿದ. ಪಟ್ಟಿಯಿಂದ ಮೂರೂ ಮಾಯ.

"ಉಳಿದೆರಡು ಎಲ್ಲೋ?"

"ನರ್ಸಮ್ಮಂದು ಮುಗೀತಲ್ಲ ಅಮ್ಮ."

"ನರ್ಸಮ್ಮಂದು ಮುಗಿದಿದ್ರೆ ಅಲ್ಲಿ ನೇತಾಡ್ತಿರೋದು ಯಾರ ಪ್ಯಾಂಟು, ನಿಂದಾ?"

ಮನುಷ್ಯರಿಗೊಂದು ಸಾಲು ಎಂದು ಮಾಡಿಟ್ಟಿದ್ದ. ಬೇಕಿದ್ದದ್ದು ಬಟ್ಟೆಗೊಂದು ಸಾಲು. ಮೇಲುಮೇಲೆ ತೇಪೆ ಹಾಕಲು ನೋಡಿದ. ಕಂಕುಳು ಬಿಗಿಯಾದರೆ ತೋಳನ್ನೇ ಬಿಚ್ಚಬೇಕು ಎಂದೆ. ಒಂದು ವಾರ ಗೊಣಗುತ್ತ ಬುಡದಿಂದ ಬಿಚ್ಚಿ ಕಟ್ಟಿದ. ಆಮೇಲೆ ಒಂದೇ ಅಂಗಿಗೆ ಎರಡು ಕೆಲಸವಿದ್ದದ್ದು ಬಂತು, ಪಟ್ಟಿ ಒಂದನ್ನೇ ಹಿಡಿಯಿತು. ಹೇಳಿದ ದಿನವನ್ನು ಮುಂದೂಡಿದ್ದು ಬಂತು. ನಾನು ಒಂದೊಂದು ತಪ್ಪನ್ನೂ ಗುರುತು ಹಾಕಿಟ್ಟು ತೋರಿಸಿದೆ, ಒಟ್ಟು ಇಪ್ಪತ್ಮೂರು. ಹಲ್ಲು ಕಡಿಯುತ್ತ ಇಪ್ಪತ್ಮೂರನ್ನೂ ಸರಿ ಮಾಡಿದ. ಆ ದಿನಗಳಲ್ಲಿ ಹೊಸ ಭಾಷೆಯ ಸುದ್ದಿ ಎತ್ತಲಿಲ್ಲ. ಎತ್ತಲು ಪುರುಸೊತ್ತಿರಲಿಲ್ಲ.

ಏಳನೇ ತಿಂಗಳಲ್ಲಿ, ಲಿಫ್ಟು ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ದೂರು ಬರೆದಿಡುವ ಪ್ರೋಗ್ರಾಂ ನೋಡಿಕೊಳ್ಳಲು ಸಹಾಯಕ ಬೇಕೆಂದು ಅವನಿಗೆ ಗೊತ್ತಾಯಿತು. ಲಿಫ್ಟು ಬಲ್ಲವನೇ ಆಗಬೇಕಂತೆ. ಇವನು ಹೋಗಲೊಲ್ಲ.

"ಇನ್ನೊಂದು ಕೋರ್ಸು ಮುಗಿಸಿ ಹೋಗ್ತೀನಿ ಅಮ್ಮ."

"ಯಾವ ಕೋರ್ಸು ಮುಗಿಸಿದೀಯ ಇಲ್ಲಿವರೆಗೆ? ಒಂದರ ಹೆಸರು ಹೇಳು."

ನನ್ನ ದನಿ ಅಷ್ಟು ಜೋರಾದದ್ದು ನನಗೇ ಸರಿಬರಲಿಲ್ಲ. ಕಾಲರು ಸವೆದ ಅವನ ಅಂಗಿ ತರಿಸಿ, ಕಾಲರು ತಿರುಗಿಸಿ ಹೊಲಿದು, ನಾಳೆ ಇದನ್ನು ಹಾಕಿಕೊಂಡು ಹೋಗು ಎಂದೆ.

ಹೋದ. ಅಲ್ಲೊಬ್ಬಾಕೆ, ಸರ್ಟಿಫಿಕೇಟು ಇಲ್ಲದಿದ್ದರೂ ಸರಿ, ನೀವೇ ಮಾಡಿದ್ದೇನಾದರೂ ತೋರಿಸಿ ಎಂದರಂತೆ. ಪಟ್ಟಿ ತೋರಿಸಿದ. ಒಂದೇ ಹೆಸರು ಮೂರು ಕಡೆ ಯಾಕಿದೆ ಎಂದು ಕೇಳಿದರು. ಇವನು ಪ್ಯಾಂಟಿನ ಕಥೆ ಹೇಳಿದ. ಅವರು ಕೊಟ್ಟ ಬೇರೆ ಎರಡು ಲೆಕ್ಕಗಳಲ್ಲಿ ಒಂದು ಅವನಿಗೆ ಬರಲೇ ಇಲ್ಲ. ಆದರೂ ಮೂರು ತಿಂಗಳ ಮಟ್ಟಿಗೆ ನೋಡೋಣವೆಂದು ತೆಗೆದುಕೊಂಡರು.

ಮೂರನೇ ತಿಂಗಳು ನಡೆಯುತ್ತಿರುವಾಗ, ಕಳೆದ ಭಾನುವಾರ ಬಂದಿದ್ದ. ಮುಖ ಸಣ್ಣದಾಗಿತ್ತು.

"ದೂರಿನ ಪ್ರೋಗ್ರಾಂ ಸರಿಯಿಲ್ಲ ಅಂತಾರೆ ರಿಪೇರಿಯವರು. ಏನು ಸರಿಯಿಲ್ಲ ಅಂದ್ರೆ ಬಾಯಿ ಬಿಡಲ್ಲ. ತಿಂಗಳ ಕೊನೆಗೆ ನನ್ನನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ಹೇಳ್ತಾರೆ ಅಮ್ಮ."

"ಕೂತಲ್ಲೇ ಕೇಳಿದ್ರೆ ಯಾರು ಹೇಳ್ತಾರೋ? ಅವರ ಜೊತೆ ರಿಪೇರಿಗೆ ಹೋಗು. ಅವರು ಎಲ್ಲಿ ತಡವರಿಸ್ತಾರೆ, ಅಲ್ಲಿ ಗುರುತು ಹಾಕ್ಕೋ."

ತಲೆಯಾಡಿಸಿದ. ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನಿಂತು ಕೇಳಿದ:

"ಒಂದೇ ಒಂದು ದಿನ ನೀವೂ ಜೊತೆಗೆ ಬರ್ತೀರಾ ಅಮ್ಮ?"