ಎಂಜಿನ್ನಿನಲ್ಲಿ ಉಳಿದ ನೀರು

ವಿದೊಸಾವಳಿಗೆ, ಎಲ್ಲರ ಬಾಯಲ್ಲಿ ವಿದಾಳಿಗೆ, ಈಜು ಬಾರದು. ನಲವತ್ತು ಬೇಸಿಗೆ ಬೋಟಿನ ಮೇಲೆ ಕಳೆದವಳಿಗೆ ಈಜು ಬಾರದು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಬೋಟು ಬೇಕೆಂದು ಅವಳು ಯಾವತ್ತೂ ಕೇಳಿದವಳಲ್ಲ. ಬೇಕಾಗಿದ್ದದ್ದು ಅವಳ ಗಂಡ ತಿಹೊಮಿರನಿಗೆ. ಡ್ಯಾನ್ಯೂಬ್ ನದಿಯ ದಡದ ಅಪಾತಿನ್ ಊರಿನ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದ ಆಸಾಮಿ, ಮದುವೆಯಾದ ಎರಡನೇ ವರ್ಷ ಏಳು ಮೀಟರ್ ಉದ್ದದ ಕಬ್ಬಿಣದ ಒಡಲೊಂದನ್ನು ಎಲ್ಲಿಂದಲೋ ಎಳೆಸಿಕೊಂಡು ಬಂದು, ಅವಳು ಟೊಮೆಟೊ ಹಾಕಿದ್ದ ಮಡಿಯ ಮೇಲೆಯೇ ಇಳಿಸಿದ. ಅದಕ್ಕೆ ಹಳೆಯ ಕಾರಿನ ಡೀಸೆಲ್ ಎಂಜಿನ್ ಕೂರಿಸಿ, ಇಬ್ಬರು ಮಲಗುವಷ್ಟು ಕ್ಯಾಬಿನ್ ಕಟ್ಟಿ, ಗ್ಯಾಸ್ ಒಲೆ ಇಟ್ಟು, ಪಕ್ಕದಲ್ಲಿ 'ಕೆಚಿಗಾ' ಎಂದು ಡ್ಯಾನ್ಯೂಬಿನ ಚೂಪು ಮೂತಿಯ ಮೀನಿನ ಹೆಸರು ಬರೆಯುವ ಹೊತ್ತಿಗೆ ಮೂರು ವರ್ಷ ಹಿಡಿಯಿತು. ಟೊಮೆಟೊ ಮಡಿ ಮಾತ್ರ ಮತ್ತೆ ಏಳಲಿಲ್ಲ.

ದಡದಲ್ಲಿ ನಿಂತು ನೋಡುವವರಿಗೆ ಬೋಟು ಎಂದರೆ ಬಿಸಿಲು, ಬಿಯರು, ಕಾಲು ಚಾಚಿ ಕೂರುವುದು. ಇಟ್ಟುಕೊಂಡವರನ್ನು ಕೇಳಬೇಕು! ಚಳಿ ಮುಗಿಯುತ್ತಿದ್ದ ಹಾಗೆ ತಳ ಕೆರೆದು ಬಣ್ಣ ಬಳಿಯಬೇಕು. ಇಲ್ಲದಿದ್ದರೆ ಪಾಚಿ, ಚಿಪ್ಪು ಹತ್ತಿಕೊಂಡು ಬೋಟು ಎಮ್ಮೆಯ ಹಾಗೆ ತೆವಳುತ್ತದೆ. ಮೇ ತಿಂಗಳಲ್ಲಿ ದಡದ ಪಾಪ್ಲರ್ ಮರಗಳ ಹತ್ತಿ ಉದುರಿ ನೀರಿನ ಮೇಲೆಲ್ಲ ಹಾಸುತ್ತದೆ. ಎಂಜಿನ್ನನ್ನು ತಣ್ಣಗಿಡಲು ನದಿಯ ನೀರು ಹೀರುವ ಕೊಳವೆಗೊಂದು ಜಾಲರಿ ಇರುತ್ತದಲ್ಲ, ಅದನ್ನು ಆಗ ಗಂಟೆಗೊಮ್ಮೆ ಬಿಚ್ಚಿ ತೊಳೆಯದಿದ್ದರೆ ಎಂಜಿನ್ ಕುದಿದು ಕೂರುತ್ತದೆ. ತಳದಲ್ಲಿ ಜಿನುಗಿದ ನೀರನ್ನು ದಿನಾ ಪಂಪು ಹೊಡೆದು ಹೊರಹಾಕಬೇಕು. ಅಕ್ಟೋಬರ್ ಕೊನೆಗೆ ಬೋಟು ಕ್ಲಬ್ಬಿನ ಕ್ರೇನಿನಿಂದ ಎತ್ತಿಸಿ, ದಡದ ಮೇಲೆ ದಿಮ್ಮಿಗಳ ಮೇಲೆ ಕೂರಿಸಿ, ಹಾಸಿಗೆಗಳನ್ನು ಬೂಸ್ಟು ಹಿಡಿಯದಂತೆ ನಿಲ್ಲಿಸಿಟ್ಟು, ಬ್ಯಾಟರಿಯನ್ನು ಮನೆಗೆ ಹೊತ್ತು ತರಬೇಕು. ವಿದಾಳ ಉಗ್ರಾಣದಲ್ಲಿ ಹುಳಿ ಎಲೆಕೋಸಿನ ಪೀಪಾಯಿಯ ಪಕ್ಕ ಆ ಬ್ಯಾಟರಿಗೊಂದು ಖಾಯಂ ಜಾಗವೇ ಇತ್ತು.

ಇದೆಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದು. ಎಂಜಿನ್ ಹೀರಿದ ನದಿನೀರು ಅದರ ಹೊಟ್ಟೆಯಲ್ಲೇ ಉಳಿದಿರುತ್ತದೆ. ಬೋಟನ್ನು ಎತ್ತಿದ ದಿನವೇ ಅದನ್ನು ಬಸಿಯಬೇಕು. ಎಂಜಿನ್ನಿನ ಪಕ್ಕದಲ್ಲಿ, ಕೆಳಗೆ, ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ನಲ್ಲಿ. ಅದನ್ನು ತಿರುಗಿಸಿ, ತಂತಿ ಹಾಕಿ ಕೆಸರು ಕೆದಕಿ, ಕೊನೆಯ ಹನಿ ಬೀಳುವವರೆಗೆ ಕಾದು, ನಲ್ಲಿಯನ್ನು ವಸಂತದವರೆಗೂ ತೆರೆದೇ ಬಿಡಬೇಕು. ಮರೆತರೆ ಜನವರಿಯ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ, ಹಿಗ್ಗಿ, ಎರಕದ ಕಬ್ಬಿಣವನ್ನೇ ಸೀಳಿಬಿಡುತ್ತದೆ. ಆ ಸೀಳಿಗೆ ಯಾವ ಬೆಸುಗೆಯೂ ನಿಲ್ಲುವುದಿಲ್ಲ ಎಂದು ತಿಹೊಮಿರನೇ ಹೇಳುತ್ತಿದ್ದ. ಅವನ ಗೆಳೆಯ ಲಾಜಾರ್ ಇಪ್ಪತ್ತು ವರ್ಷದ ಹಿಂದೆ ಮಗಳ ಮದುವೆಯ ಗಡಿಬಿಡಿಯಲ್ಲಿ ಒಮ್ಮೆ ಮರೆತಿದ್ದ. ಅದನ್ನು ತಿಹೊಮಿರ್ ಮರೆಯಲು ಬಿಟ್ಟರೆ ತಾನೇ!

"ಏನೋ ಲಾಜಾರಾ, ಈ ಸಲನಾದ್ರೂ ನಲ್ಲಿ ತೆರೆದ್ಯೇನೋ, ಇಲ್ಲ ಇನ್ನೊಬ್ಳು ಮಗಳ ಮದುವೆ ಇಟ್ಕೊಂಡಿದ್ದೀಯೋ?" ಪ್ರತಿ ಅಕ್ಟೋಬರಿನಲ್ಲೂ ಇದೇ ಮಾತು, ಇಡೀ ಕ್ಲಬ್ಬಿಗೆ ಕೇಳಿಸುವ ಹಾಗೆ. ಲಾಜಾರ್ ನಗುತ್ತಿದ್ದ. ಒಳಗೊಳಗೇ ಉರಿಯುತ್ತಿತ್ತೋ ಏನೋ, ಪಾಪ.

ಎಪ್ಪತ್ತು ದಾಟಿದ ಮೇಲೆ ತಿಹೊಮಿರನ ತಲೆಯಲ್ಲೇ ಏನೋ ಸೋರತೊಡಗಿತು. ಮೊದಲು ಹೆಸರುಗಳು ಹೋದವು. ಆಮೇಲೆ ದಾರಿಗಳು. ಒಂದು ದಿನ ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಹೊಯ್ಯಲು ಹೋದ. ವಿದಾ ಡಬ್ಬ ಕಸಿದುಕೊಂಡದ್ದಕ್ಕೆ ಊರೇ ತಿರುಗಿ ನೋಡುವ ಹಾಗೆ ಕೂಗಾಡಿದ. ಡಾಕ್ಟರು ಪರೀಕ್ಷೆ ಮಾಡಿ, ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ವಿದಾಳನ್ನು ಪಕ್ಕಕ್ಕೆ ಕರೆದು ಹೇಳಿದರು. ಅವನಿಗೆ ಹೇಳುವ ಧೈರ್ಯ ಅವರಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ.

ಅಂದಿನಿಂದ ಅವಳು ಗೊಣಗುವುದನ್ನು ಕಲಿತಳು. "ಜಾಲರಿ ತೊಳೆದ್ಯೋ ಇಲ್ವೋ, ಅದೇನು ವಾಸನೆ?" "ಎಣ್ಣೆ ನೋಡದೆ ಹೊರಡ್ತೀಯಾ ಮುದುಕಾ, ನಡುನೀರಲ್ಲಿ ನನ್ನ ಕೈಲಿ ಹುಟ್ಟು ಹಾಕಿಸ್ತೀಯಾ?" ಕೇಳುವವರಿಗೆ ಹೆಂಡತಿಯ ಕಾಟ. ನಿಜದಲ್ಲಿ ನಲವತ್ತು ವರ್ಷ ಅವನ ಬಾಯಲ್ಲಿ ಕೇಳಿದ್ದನ್ನೆಲ್ಲ ಅವಳು ಒಂದೊಂದಾಗಿ ಅವನಿಗೇ ತಿರುಗಿ ಕೊಡುತ್ತಿದ್ದಳು. "ಅತ್ತಿಗೆ ಈಗ ಕಪ್ತಾನರಾಗಿಬಿಟ್ರಲ್ಲೋ ತಿಹೋ!" ಎಂದು ಲಾಜಾರ್ ಕಿಚಾಯಿಸಿದ. ತಿಹೊಮಿರನೂ ನಕ್ಕ. ಎರಡು ಬೇಸಿಗೆ ಹೀಗೇ ದಾಟಿದವು.

ಮೂರನೆಯ ಬೇಸಿಗೆಯ ಆಗಸ್ಟಿನಲ್ಲಿ, ಹಾಡಹಗಲಲ್ಲಿ, ಹಡಗುಗಳು ಓಡಾಡುವ ನಟ್ಟನಡುವಿನ ದಾರಿಯಲ್ಲಿ ತಿಹೊಮಿರ್ ಎಂಜಿನ್ ನಿಲ್ಲಿಸಿಬಿಟ್ಟ. ಎದುರಿನಿಂದ ಆರು ಸರಕುದೋಣಿಗಳನ್ನು ಮುಂದಕ್ಕೆ ದಬ್ಬಿಕೊಂಡು ಒಂದು ದೊಡ್ಡ ಟಗ್ ಬರುತ್ತಿತ್ತು. ಅಂಥದ್ದಕ್ಕೆ ಬ್ರೇಕು ಎಂಬುದೇ ಇಲ್ಲ.

"ವಿದಾ, ನಾವು ಎಲ್ಲಿಗೆ ಹೊರಟಿದ್ವಿ?" ಎಂದು ಕೇಳಿದ. ಅಷ್ಟು ಸಮಾಧಾನವಾಗಿ ಕೇಳಿದ.

ವಿದಾ ಅವನನ್ನು ಪಕ್ಕಕ್ಕೆ ಸರಿಸಿದಳು. ಕೀಲಿ ತಿರುಗಿಸಿದಳು, ಏನೂ ಆಗಲಿಲ್ಲ. ಗೇರಿನ ಹಿಡಿಯನ್ನು ನಡುವಿಗೆ ತರದೆ ಎಂಜಿನ್ ಏಳುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಹಿಡಿಯನ್ನು ನಡುವಿಗೆ ಎಳೆದು ಮತ್ತೆ ತಿರುಗಿಸಿದಳು. ಎಂಜಿನ್ ಕೆಮ್ಮುತ್ತ ಎದ್ದಿತು. ಜನ್ಮದಲ್ಲಿ ಚುಕ್ಕಾಣಿ ಮುಟ್ಟದ ಹೆಂಗಸು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬೋಟನ್ನು ದಡದ ಬಳ್ಳಿಪೊದೆಯ ಕಡೆಗೆ ತಿರುಗಿಸಿದಳು. ಟಗ್ ಹಾರ್ನು ಬಾರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ಅದರ ಅಲೆಗೆ ಒಳಗಿದ್ದ ಪಾತ್ರೆಗಳೆಲ್ಲ ಉರುಳಿದವು.

"ನೋಡು ಆ ಬಡ್ಡೀಮಗನ್ನ, ನದಿ ಏನು ಅವರಪ್ಪಂದಾ?" ಎಂದು ತಿಹೊಮಿರ್ ಬೈದ. ಅವನಿಗೆ ಆಗಲೇ ಎಲ್ಲ ಮರೆತುಹೋಗಿತ್ತು.

ಮನೆಗೆ ಬಂದು ಬೋಟು ಮಾರೋಣ ಎಂದಳು. "ಅದನ್ನ ಮಾರೋ ಬದ್ಲು ನನ್ನೇ ಮಾರು. ಅದೊಂದ್ರಲ್ಲಿ ಕೂತಾಗ್ಲೇ ಕಣೇ ನಾನ್ಯಾರು ಅನ್ನೋದು ನನಗೆ ಗೊತ್ತಾಗೋದು" ಎಂದ. ಅವನಿಗೆ ತನ್ನ ಸ್ಥಿತಿ ಗೊತ್ತೇ ಇಲ್ಲ ಎಂದುಕೊಂಡಿದ್ದಳು, ಅಷ್ಟಿಷ್ಟು ಗೊತ್ತಿತ್ತು. ಕೀಲಿಯನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಳು. ಅವನು ಹೋಗಿ, ಸ್ಟಾರ್ಟರಿನ ಎರಡು ತಿರುಪುಗಳ ನಡುವೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಎಂಜಿನ್ ಎಬ್ಬಿಸಿದ. ಹೆಂಡತಿಯ ತಂಗಿಯ ಹೆಸರು ಮರೆತವನಿಗೆ ಅದು ಮರೆತಿರಲಿಲ್ಲ ನೋಡಿ!

ಲಾಜಾರನಿಗೆ ಹೇಳಬಹುದಿತ್ತು. ಆದರೆ ಲಾಜಾರನಿಗೆ ಗೊತ್ತಾದರೆ ಕ್ಲಬ್ಬಿಗೆಲ್ಲ ಗೊತ್ತಾದ ಹಾಗೆ. ಗಂಡನನ್ನು ಎಲ್ಲರೂ ಮಗುವಿನಂತೆ ಮಾತಾಡಿಸುವುದನ್ನು ಕಣ್ಣಾರೆ ನೋಡುವುದು ಅವಳಿಂದ ಆಗದ ಮಾತು. ಅವನು ಬೋಟಿನಿಂದ ಇಳಿಯಬೇಕು, ಆದರೆ ಇಳಿಸಿದ್ದು ಯಾರೂ ಆಗಿರಬಾರದು. ಎಂಜಿನ್ ತಾನಾಗಿಯೇ ಸತ್ತುಹೋದರೆ? ಈ ಯೋಚನೆ ಅವಳಿಗೆ ಸೆಪ್ಟೆಂಬರಿನಲ್ಲಿ, ಮೆಣಸಿನಕಾಯಿ ಸುಡುತ್ತ ಕೂತಿದ್ದಾಗ ಬಂತು. ಬಂದದ್ದು ಹೋಗಲಿಲ್ಲ.

ಅಕ್ಟೋಬರಿನಲ್ಲಿ ಕೆಚಿಗಾವನ್ನು ದಡಕ್ಕೆತ್ತಿದರು. ಆ ದಿನ ತಿಹೊಮಿರ್ ಯಾರೂ ಹೇಳದೆ ಎಂಜಿನ್ನಿನ ಮುಚ್ಚಳ ತೆಗೆದ. ಹಳದಿ ಬೇಸಿನ್ನನ್ನು ಕೆಳಗಿಟ್ಟು, ನಲ್ಲಿ ತಿರುಗಿಸಿ, ತಂತಿ ಹಾಕಿ ಕೆದಕಿದ. ಕಪ್ಪು ಕೆಸರು ಬಂತು, ಆಮೇಲೆ ತಿಳಿನೀರು ಬಂತು. ಮೊಣಕಾಲೂರಿ ಕೊನೆಯ ಹನಿಯವರೆಗೆ ಕಾದ. ಬೇಸಿನ್ ತೊಳೆದು ಬೋರಲು ಹಾಕಿದ. ವಿದಾ ಒಂದು ಮಾತೂ ಗೊಣಗಲಿಲ್ಲ. ಗೊಣಗಲು ಅವನು ಏನೂ ಉಳಿಸಿರಲಿಲ್ಲ. "ಆಯ್ತು ಮುದುಕಿ, ಇನ್ನು ಎಂಥ ಚಳಿನಾದ್ರೂ ಬರ್ಲಿ" ಎಂದು ಕೈ ಒರೆಸಿಕೊಂಡ. ಎಷ್ಟೋ ತಿಂಗಳಿಂದ ಕಾಣದ ಹಳೆಯ ತಿಹೊಮಿರ್ ಅವತ್ತು ಅವಳ ಮುಂದೆ ನಿಂತಿದ್ದ.

ಎರಡು ದಿನ ಬಿಟ್ಟು, ಅವನು ಕ್ಷೌರಕ್ಕೆ ಹೋಗಿದ್ದ ಬೆಳಗ್ಗೆ, ಅವಳು ಬಕೆಟ್ ಹಿಡಿದು ಕ್ಲಬ್ಬಿಗೆ ಹೋದಳು. ನದಿಯಿಂದ ನೀರು ತುಂಬಿ, ಏಣಿ ಹತ್ತಿ ಬೋಟಿನೊಳಗೆ ಇಳಿದಳು. ನಲ್ಲಿಯನ್ನು ಬಿಗಿಯಾಗಿ ಮುಚ್ಚಿದಳು. ಎಂಜಿನ್ನಿನ ಮೇಲಿನ ರಬ್ಬರ್ ಕೊಳವೆ ಬಿಚ್ಚಿ, ನೀರು ಬಾಯಿಗೆ ಬರುವವರೆಗೆ ಹೊಯ್ದಳು. ಕೊಳವೆಯನ್ನು ಮೊದಲಿನಂತೆ ಕೂರಿಸಿ ತಿರುಪು ಬಿಗಿದಳು. ಮನೆಗೆ ಬಂದು ಬಚ್ಚಲಿನಲ್ಲಿ ಕೂತು ಅತ್ತಳು. ಅವನಿಗೇನು, ಬಸಿದದ್ದು ನೆನಪಿರುವುದಿಲ್ಲ, ಮರೆತೆ ಎಂದರೆ ಹೌದೇ ಎಂದು ಸುಮ್ಮನಾಗುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ಜನವರಿಯಲ್ಲಿ ಕ್ಲಬ್ಬಿನ ಮುಂದಿನ ನದಿಯ ಹಿನ್ನೀರು ದಡದಿಂದ ದಡಕ್ಕೆ ಹೆಪ್ಪುಗಟ್ಟಿತು. ಒಂಬತ್ತು ದಿನ ಬಿಸಿಲೇ ಇಲ್ಲ. ಒಲೆಗೆ ಕಟ್ಟಿಗೆ ಹಾಕುವಾಗೆಲ್ಲ ವಿದಾ ಕ್ಲಬ್ಬಿನ ಕಡೆಗೆ ನೋಡುತ್ತಿದ್ದಳು. ಈಗ ಹೋಗಿ ನಲ್ಲಿ ತೆರೆದರೂ ಏನೂ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಒಂದು ದಿನ ಬೂಟು ಹಾಕಿಕೊಂಡು ಬಾಗಿಲವರೆಗೆ ಹೋಗಿ ಬಂದಳು.

ಮಾರ್ಚಿನ ಒಂದು ಶನಿವಾರ ಮೂವರೂ ಹೋದರು. ತಿಹೊಮಿರನೂ ಲಾಜಾರನೂ ಬೋಟಿನ ಮೇಲೆ, ವಿದಾ ಕೆಳಗೆ ಏಣಿ ಹಿಡಿದುಕೊಂಡು. ಮುಚ್ಚಳ ತೆಗೆದ ಸದ್ದು ಕೇಳಿತು.

"ಲಾಜಾರಾ, ಟಾರ್ಚು ಇತ್ಲಾಗೆ ಹಿಡಿ" ಎಂದ ತಿಹೊಮಿರ್.

ಅವಳು ಏಣಿ ಹತ್ತಿದಳು. ಎಂಜಿನ್ನಿನ ಪಕ್ಕದಲ್ಲಿ ಗೇಣುದ್ದದ ಸೀಳು. ಅದರಿಂದ ತುಕ್ಕಿನ ನೀರು ಇಳಿದು ಒಣಗಿತ್ತು. ತಿಹೊಮಿರನ ಬೆರಳು ಸೀಳಿನ ಮೇಲಿರಲಿಲ್ಲ, ನಲ್ಲಿಯ ಮೇಲಿತ್ತು.

"ಮುಚ್ಚಿದೆ" ಎಂದ. "ನಾನು ತೆರೆದಿದ್ದೆ. ತಂತಿ ಹಾಕಿದ್ದೆ, ಕರೀ ಕೆಸರು ಬಂತು. ಹಳದಿ ಬೇಸಿನ್ನು. ನೀನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ ಕಣೇ, ನೀಲಿ ಸ್ವೆಟರ್ ಹಾಕ್ಕೊಂಡು. ಆಯ್ತು ಮುದುಕಿ ಅಂತ ನಾನು ಹೇಳ್ಲಿಲ್ವಾ?"

ಒಂದಕ್ಷರ ತಪ್ಪಿರಲಿಲ್ಲ. ಅವಳ ತಂಗಿಯ ಹೆಸರಿಲ್ಲ, ನೆನ್ನೆಯ ಊಟವಿಲ್ಲ, ಇದೊಂದು ಮಾತ್ರ ಉಳಿದಿತ್ತು. ನಿಜ ಹೇಳಿದರೆ ನಾಳೆಯೇ ಇನ್ನೊಂದು ಎಂಜಿನ್ ಹುಡುಕಿ ಹೊರಡುತ್ತಾನೆ; ಆ ಟಗ್ ಮತ್ತೆ ಬರುತ್ತದೆ. ಇಬ್ಬರೂ ಅವಳ ಮುಖ ನೋಡುತ್ತಿದ್ದರು. ಚಳಿಗಾಲವೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ತಾನಾಗಿಯೇ ಬಾಯಿಂದ ಬಂತು.

"ಅದು ಅದರ ಹಿಂದಿನ ವರ್ಷ, ತಿಹೋ. ಈ ಸಲ ನೀನು ಮರೆತೆ."

"ಹಿಂದಿನ ವರ್ಷವಾ?"

"ಹೌದು. ನನಗೂ ಹೇಳೋಕೆ ನೆನಪಾಗ್ಲಿಲ್ಲ."

ಅವನು ತನ್ನ ಕೈಗಳನ್ನು ನೋಡಿಕೊಂಡ. "ಆದ್ರೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆಯಲ್ಲೇ" ಎಂದ. ಆಮೇಲೆ ಲಾಜಾರನ ಕಡೆ ತಿರುಗಿದ. ಇಪ್ಪತ್ತು ವರ್ಷದ ಬಾಕಿ ತೀರಿಸಲು ಲಾಜಾರನಿಗೆ ಅದೇ ಗಳಿಗೆ. ಆದರೆ ಅವನು ಟಾರ್ಚು ಆರಿಸಿ, "ಎಲ್ರಿಗೂ ಆಗುತ್ತೆ ಬಿಡೋ" ಎಂದ. ಗೇಲಿ ಮಾಡಿದ್ದರೇ ಚೆನ್ನಾಗಿತ್ತು. ಗೆಳೆಯನೂ ಕರುಣೆ ತೋರಿಸಿದ ಮೇಲೆ ತಿಹೊಮಿರ್ ಏಣಿ ಇಳಿದ.

ಅವಳು ಅಂದುಕೊಂಡ ಹಾಗೆಯೇ ಆಯಿತು. ಏಪ್ರಿಲಿನಲ್ಲಿ ಬೋಟು ಗುಜರಿಗೆ ಹೋಯಿತು. ಅವನು ಮತ್ತೆ ಕ್ಲಬ್ಬಿನ ಹೆಸರೆತ್ತಲಿಲ್ಲ. ಆದರೆ ಅಂದುಕೊಳ್ಳದೇ ಇದ್ದದ್ದೂ ಆಯಿತು. ಅವನು ತನ್ನನ್ನೇ ನಂಬುವುದನ್ನು ಬಿಟ್ಟುಬಿಟ್ಟ. ಮೊದಲು ತಪ್ಪು ಹೇಳಿದರೂ ಗಟ್ಟಿಯಾಗಿ ಹೇಳಿ ಜಗಳಕ್ಕೆ ನಿಲ್ಲುತ್ತಿದ್ದವನು ಈಗ ಸರಿಯಾದದ್ದನ್ನೂ ನುಂಗಿಕೊಳ್ಳತೊಡಗಿದ. "ಇವತ್ತು ಮಂಗಳವಾರ ಅಲ್ವಾ?" ಎನ್ನುತ್ತಿದ್ದ. ಮಂಗಳವಾರವೇ ಆಗಿರುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ "ಬೇಡ ಬೇಡ, ನೀನೇ ಹೇಳು" ಎನ್ನುತ್ತಿದ್ದ. ಊಟ ಮಾಡಿದ್ದೇನಾ, ಸ್ನಾನ ಆಯಿತಾ, ಹಸಿವಾಗಿದೆಯಾ, ಎಲ್ಲವನ್ನೂ ಅವಳನ್ನೇ ಕೇಳುತ್ತಿದ್ದ. ಹಸಿವು ಕೂಡ ಹೆಂಡತಿ ಹೌದು ಎಂದರೆ ಮಾತ್ರ ಹಸಿವು. ಡಾಕ್ಟರು ಹೇಳಿದ್ದ ಕಾಯಿಲೆ ಇಷ್ಟು ಬೇಗ ಇಷ್ಟು ದೂರ ಬಂದಿರಲಿಲ್ಲ. ಉಳಿದ ದಾರಿ ತಾನೇ ನೂಕಿದ್ದು ಎಂದು ವಿದಾಳಿಗೆ ಚೆನ್ನಾಗಿ ಗೊತ್ತಿತ್ತು.

ಮೇ ತಿಂಗಳ ಒಂದು ಬೆಳಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಅವನು ಅಡುಗೆಮನೆಯಲ್ಲಿ ಬ್ರೆಡ್ಡಿನ ತುಂಡು ಹಿಡಿದು, ತಿನ್ನಲೋ ಬೇಡವೋ ಎಂಬಂತೆ ಅವಳ ಮುಖ ನೋಡುತ್ತ ಕೂತಿದ್ದ. ಅವಳು ಎದುರಿಗೆ ಕೂತು ಅವನ ಎರಡೂ ಕೈ ಹಿಡಿದುಕೊಂಡಳು.

"ತಿಹೋ, ಇಲ್ಲಿ ಕೇಳು. ನೀನು ಹೇಳಿದ್ದೇ ಸರಿ. ನಲ್ಲಿ ನೀನು ತೆರೆದಿದ್ದೆ, ಈ ಸಲವೇ. ಕೆಸರು, ಬೇಸಿನ್ನು, ನನ್ನ ಸ್ವೆಟರು, ಎಲ್ಲಾ ನಿಜ. ನೀನು ಕ್ಷೌರಕ್ಕೆ ಹೋದಾಗ ನಾನೇ ಹೋಗಿ ನಲ್ಲಿ ಮುಚ್ಚಿ ನೀರು ಹೊಯ್ದೆ. ಎಂಜಿನ್ ಒಡೆದದ್ದು ನಾನು. ನೀನು ಏನೂ ಮರೆತಿರ್ಲಿಲ್ಲ."

ಅವನು ಬಯ್ಯುತ್ತಾನೆ ಎಂದು ಕಾದಳು. ಹೊಡೆದರೂ ಹೊಡೆಯಲಿ ಎಂದು ಕಾದಳು. ತಿಹೊಮಿರನ ಮುಖದ ತುಂಬ ಪ್ರೀತಿಯ ನಗು ಬಂತು. ಒಂದು ಕೈ ಬಿಡಿಸಿಕೊಂಡು ಅವಳ ಕೆನ್ನೆ ತಟ್ಟಿದ.

"ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀಯ. ನನಗೆ ಗೊತ್ತಾಗಲ್ವಾ ಮುದುಕಿ?"

"ಇಲ್ಲ ತಿಹೋ, ದೇವರಾಣೆಗೂ ಇಲ್ಲ..."

"ಸಾಕು ಬಿಡು. ನನ್ನ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ. ಮತ್ತೆ ಇನ್ನೊಂದ್ಸಲ ಹೀಗೆ ಸುಳ್ಳು ಹೇಳ್ಬೇಡ ಕಣೇ. ನಾನೀಗ ನಿನ್ನ ಮಾತು ಹಿಡ್ಕೊಂಡೇ ನಡೀತಿರೋದು. ನೀನೂ ಸುಳ್ಳು ಹೇಳಿದ್ರೆ ನಾನು ಯಾರನ್ನ ನಂಬ್ಲಿ?"

ಅವನು ಬ್ರೆಡ್ಡಿನ ತುಂಡನ್ನು ಎತ್ತಿ ತೋರಿಸಿ, "ತಿನ್ಲಾ?" ಎಂದು ಕೇಳಿದ.

"ತಿನ್ನು" ಎಂದಳು.